ದಮ್ಮು ಇದ್ದವರು ನಡೆಯಲು ಶುರುಮಾಡುವುದು ಹೇಗೆ? ಕುರ್ಚಿಯಿಂದ ಬೀದಿಯವರೆಗೆ, ಹಂತ ಹಂತವಾಗಿ

ದಮ್ಮಿನ ಕಾಯಿಲೆ ಇರುವವರಿಗೆ ಮನೆಯವರು ದಿನಕ್ಕೆ ಹತ್ತು ಸಲ ಹೇಳುವ ಮಾತು: "ನೀವು ಸುಮ್ನೆ ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ." ಪ್ರೀತಿಯಿಂದ ಬಂದ ಮಾತೇ. ಆದರೆ ಇದನ್ನು ವರ್ಷಗಟ್ಟಲೆ ಪಾಲಿಸಿದರೆ, ಕಾಯಿಲೆ ಮಾಡಿದ ನಷ್ಟದ ಜೊತೆಗೆ ಕೂತದ್ದರ ನಷ್ಟವೂ ಸೇರಿಕೊಳ್ಳುತ್ತದೆ.

ಹೇಗೆ ಅಂತ ನೋಡಿ. ನಡೆದರೆ ದಮ್ಮು ಬರುತ್ತದೆ, ಅದಕ್ಕೇ ನಡೆಯುವುದು ಕಡಿಮೆಯಾಗುತ್ತದೆ. ನಡೆಯದೆ ಇದ್ದರೆ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಬೇಗ ದಣಿದು ಲ್ಯಾಕ್ಟಿಕ್ ಆಸಿಡ್ ಬಿಡುತ್ತದೆ. ಅದನ್ನು ಸರಿದೂಗಿಸಲು ದೇಹ ಇನ್ನಷ್ಟು ಜೋರಾಗಿ ಉಸಿರಾಡಬೇಕು. ಹೀಗಾಗಿ ಹೋದ ವರ್ಷ ಅಂಗಡಿಗೆ ಹೋದಾಗ ಬರುತ್ತಿದ್ದ ದಮ್ಮು ಈ ವರ್ಷ ಬಚ್ಚಲಿಗೆ ಹೋಗುವಷ್ಟರಲ್ಲೇ ಬರುತ್ತದೆ. ಶ್ವಾಸಕೋಶವೇ ಇನ್ನೂ ಕೆಟ್ಟಿತು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಸೋತಿರುವುದು ಕಾಲು.

ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳ ಕಿರಿದಾಗಿ ಉಳಿದುಬಿಡುವ ದಮ್ಮಿನ ಕಾಯಿಲೆಯಲ್ಲಿ, ಒಮ್ಮೆ ಹಾಳಾದ ಶ್ವಾಸಕೋಶ ವ್ಯಾಯಾಮದಿಂದ ಹೊಸದಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ಆಸೆ ಬೇಡ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಅಂಕಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆದರೆ ಕಾಲಿನ ಸ್ನಾಯುಗಳಿಗೆ 60 ದಾಟಿದ ಮೇಲೂ, 70 ದಾಟಿದ ಮೇಲೂ ಬಲ ಬರುತ್ತದೆ. ಬಲ ಬಂದ ಕಾಲು ಅಷ್ಟೇ ದೂರ ನಡೆಯಲು ಕಡಿಮೆ ಉಸಿರು ಕೇಳುತ್ತದೆ. ಆಸ್ಪತ್ರೆಗಳಲ್ಲಿ ಪಲ್ಮನರಿ ರಿಹ್ಯಾಬಿಲಿಟೇಶನ್ ಎಂದು 6ರಿಂದ 12 ವಾರ ಮಾಡಿಸುವ ತರಬೇತಿಯ ತಿರುಳು ಇದೇ. ಅದರಿಂದ ದಮ್ಮು ಕಡಿಮೆಯಾಗುತ್ತದೆ, ನಡೆಯುವ ದೂರ ಹೆಚ್ಚುತ್ತದೆ, ದಿನಗಳು ಹಗುರಾಗುತ್ತವೆ ಎಂಬುದು ಅನೇಕ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಸಾಬೀತಾಗಿದೆ.

2016ರ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಸಾವಿಗೆ ಹೃದಯದ ಕಾಯಿಲೆ ಮೊದಲ ಕಾರಣವಾದರೆ ಸಿಒಪಿಡಿ ಎರಡನೆಯದು. ಬೀಡಿ ಸಿಗರೇಟು ಸೇದಿದವರಿಗೆ ಮಾತ್ರ ಬರುವ ಕಾಯಿಲೆ ಇದಲ್ಲ. ಜೀವಮಾನವಿಡೀ ಸೌದೆ ಒಲೆಯ ಮುಂದೆ ಕೂತು ಊದಿದ ನಮ್ಮ ಅಮ್ಮ ಅಜ್ಜಿಯರಿಗೂ ಬರುತ್ತದೆ. ಈ ಬರಹ ಮುಖ್ಯವಾಗಿ ಸಿಒಪಿಡಿ ಇರುವವರಿಗೆ. ಹಿಂದೆ ಟಿಬಿ ಬಂದು ವಾಸಿಯಾದ ಮೇಲೆ ದಮ್ಮು ಉಳಿದವರು, ಬ್ರಾಂಕಿಯೆಕ್ಟೇಸಿಸ್, ಅಂದರೆ ಶ್ವಾಸನಾಳ ಹಿಗ್ಗಿದ ಕಾಯಿಲೆ ಇರುವವರು ಕೂಡ ಡಾಕ್ಟರ ಒಪ್ಪಿಗೆ ಪಡೆದು ಇದನ್ನೇ ಮಾಡಬಹುದು. ಐಎಲ್‌ಡಿ, ಅಂದರೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಇದ್ದವರಿಗೆ ನಡೆಯುವಾಗ ಆಕ್ಸಿಜನ್ ಥಟ್ಟನೆ ಇಳಿಯಬಹುದು. ಅವರು ಮೊದಲ ಕೆಲವು ವಾರ ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ಮಾಡಲಿ.

ಭಯಪಡಬೇಡಿ. ಒಂದೊಂದೇ ಮಾಡೋಣ.

ಹಂತ 1: ಡಾಕ್ಟರ ಹತ್ತಿರ ನಾಲ್ಕು ಪ್ರಶ್ನೆ ಕೇಳಿ

"ವಾಕಿಂಗ್ ಮಾಡಬಹುದಾ?" ಎಂದಷ್ಟೇ ಕೇಳಿದರೆ "ಮಾಡಿ ಮಾಡಿ" ಎಂಬ ಉತ್ತರ ಸಿಗುತ್ತದೆ, ಅದರಿಂದ ನಿಮಗೇನೂ ಗೊತ್ತಾಗುವುದಿಲ್ಲ. ಒಂದು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿ: ನನ್ನ ಹೃದಯ ಮತ್ತು ಬಿಪಿ ವ್ಯಾಯಾಮಕ್ಕೆ ಸರಿಯಿದೆಯೇ? ನಡೆಯುವಾಗ ನನ್ನ ಆಕ್ಸಿಜನ್ ಎಷ್ಟಕ್ಕೆ ಇಳಿದರೆ ನಿಲ್ಲಿಸಬೇಕು? ನಡೆಯುವ ಮುಂಚೆ ಇನ್ಹೇಲರ್ ತೆಗೆದುಕೊಳ್ಳಬೇಕೇ, ಯಾವುದನ್ನು, ಎಷ್ಟು ಸಲ? ಹತ್ತಿರದಲ್ಲಿ ಪಲ್ಮನರಿ ರಿಹ್ಯಾಬ್ ಎಲ್ಲಿ ಸಿಗುತ್ತದೆ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲೋ, ನಿಮ್ಮ ಊರಿನ ಮೆಡಿಕಲ್ ಕಾಲೇಜಿನ ಎದೆರೋಗ ವಿಭಾಗದಲ್ಲೋ ವಿಚಾರಿಸಿ. ಒಮ್ಮೆ ಫಿಸಿಯೋಥೆರಪಿಸ್ಟ್ ಕಣ್ಣೆದುರು ಮಾಡಿ ತೋರಿಸಿಕೊಂಡು ಬಂದರೆ ಮನೆಯಲ್ಲಿ ಮಾಡುವ ಧೈರ್ಯವೇ ಬೇರೆ.

ಎಚ್ಚರ: ಈಚೆಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಎದೆನೋವು ಇದ್ದರೆ, ತಲೆಸುತ್ತಿ ಬಿದ್ದಿದ್ದರೆ ಡಾಕ್ಟರು ನೋಡುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ಜಿಮ್ ಬೇಡ. ಟ್ರೆಡ್‌ಮಿಲ್ ಬೇಡ. ಬೇಕಾದದ್ದು ಇಷ್ಟು: ಕೈಯಿಲ್ಲದ, ಚಕ್ರವಿಲ್ಲದ ಒಂದು ಗಟ್ಟಿ ಕುರ್ಚಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ, ಸಮಯ ನೋಡಲು ಗಡಿಯಾರ ಇಲ್ಲವೇ ಫೋನು, ನೀರು ತುಂಬಿದ ಅರ್ಧ ಲೀಟರಿನ ಎರಡು ಬಾಟಲಿ, ಒಂದು ನೋಟ್‌ಬುಕ್, ಪೆನ್ನು. ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕಿ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊಸ ಸೆಲ್ ಹಾಕಿ.

ದಮ್ಮು ಬಂದಾಗ ಎಳೆದುಕೊಳ್ಳುವ ಇನ್ಹೇಲರ್ ಸದಾ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಇನ್ಹೇಲರ್ ಬೀದಿಯ ತುದಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಡೆಯುವ ಮುಂಚೆ ತೆಗೆದುಕೊಳ್ಳಿ ಎಂದು ಡಾಕ್ಟರು ಹೇಳಿದ್ದರೆ 10–15 ನಿಮಿಷ ಮೊದಲೇ ತೆಗೆದುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ ಇರುವ ಸಾಲ್ಬುಟಮಾಲ್ ಔಷಧಿ ಚೆನ್ನಾಗಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು.

ಎಚ್ಚರ: ಆಕ್ಸಿಮೀಟರ್ ಹಾಕುವ ಬೆರಳಿಗೆ ನೇಲ್ ಪಾಲಿಶ್ ಇರಬಾರದು, ಕೈ ತಣ್ಣಗಿರಬಾರದು. ಎರಡೂ ಅಂಕಿಯನ್ನು ತಪ್ಪಿಸುತ್ತವೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಿರಿ.

ಹಂತ 3: ಉಸಿರು ಬಿಡುವುದನ್ನು ಕಲಿಯಿರಿ

ಎಲ್ಲರೂ "ಜೋರಾಗಿ ಉಸಿರು ಎಳ್ಕೊಳ್ಳಿ" ಎನ್ನುತ್ತಾರೆ. ಸಿಒಪಿಡಿ ಇದ್ದವರ ತೊಂದರೆ ಅದಲ್ಲ. ಅವರಿಗೆ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಸಡಿಲವಾದ ಸಣ್ಣ ಶ್ವಾಸನಾಳಗಳು ಉಸಿರು ಬಿಡುವಾಗ ಮುಚ್ಚಿಕೊಂಡು ಹಳೇ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಇನ್ನಷ್ಟು ಎಳೆದುಕೊಂಡರೆ ಎದೆ ಬಿಗಿದು ಗಾಬರಿ ಹೆಚ್ಚುತ್ತದೆ. ಆದ್ದರಿಂದ ಬಿಡುವುದನ್ನು ಕಲಿತರೆ ಎಳೆಯುವುದು ತಾನಾಗಿ ಆಗುತ್ತದೆ.

ಕುರ್ಚಿಯಲ್ಲಿ ಕೂತು ಭುಜ ಸಡಿಲ ಬಿಡಿ. ಬಾಯಿ ಮುಚ್ಚಿ ಮೂಗಿನಿಂದ ಮೆಲ್ಲಗೆ, ಒಂದು, ಎರಡು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ಈಗ ಸೀಟಿ ಹೊಡೆಯಲು ಹೋಗುವವರಂತೆ ತುಟಿ ಕಿರಿದು ಮಾಡಿ. ಎದುರಿಗೆ ದೀಪ ಇದೆ, ಜ್ವಾಲೆ ಬಾಗಬೇಕು ಆದರೆ ಆರಬಾರದು ಅಂದುಕೊಂಡು ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು ಬಿಡಿ. ತುಟಿ ಕಿರಿದಾದಾಗ ಶ್ವಾಸನಾಳದೊಳಗೆ ಸ್ವಲ್ಪ ಒತ್ತಡ ಉಳಿದು ಅದು ಮುಚ್ಚಿಕೊಳ್ಳದೆ ತೆರೆದಿರುತ್ತದೆ.

ದಿನಕ್ಕೆ ಮೂರು ನಾಲ್ಕು ಸಲ, ಐದೈದು ಉಸಿರು, ಆರಾಮಾಗಿ ಇರುವಾಗಲೇ ಅಭ್ಯಾಸ ಮಾಡಿ. ಟಿವಿ ನೋಡುತ್ತಾ ಮಾಡಿದರೂ ಆಯಿತು. ದಮ್ಮು ಬಂದ ಮೇಲೆ ಕಲಿಯಲು ಹೊರಟರೆ ಬರುವುದಿಲ್ಲ.

ಎಚ್ಚರ: ಕೆನ್ನೆ ಉಬ್ಬಿಸಿ ಜೋರಾಗಿ ಊದಬೇಡಿ. ತಲೆ ಹಗುರಾದಂತೆ ಅನಿಸಿದರೆ ಒಂದು ನಿಮಿಷ ಬಿಟ್ಟುಬಿಡಿ.

ಹಂತ 4: ದಮ್ಮು ಬಂದಾಗ ನಿಲ್ಲುವ ಭಂಗಿ ಕಲಿಯಿರಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೀದಿಯಲ್ಲಿ ದಮ್ಮು ಬಂದರೆ ಏನು ಗತಿ ಎಂಬ ಹೆದರಿಕೆಯೇ ಎಷ್ಟೋ ಜನರನ್ನು ಮನೆಯೊಳಗೆ ಕೂರಿಸಿರುವುದು. ಅದಕ್ಕೆ ಉತ್ತರ ನಿಮ್ಮ ದೇಹದಲ್ಲಿಯೇ ಇದೆ.

ಕೂತಿದ್ದರೆ: ಪಾದ ಎರಡೂ ನೆಲಕ್ಕೆ ಊರಿ, ಮುಂದಕ್ಕೆ ಬಾಗಿ, ಮೊಣಕೈಯನ್ನು ತೊಡೆಯ ಮೇಲಿಡಿ. ನಿಂತಿದ್ದರೆ: ಗೋಡೆಗೋ ಕಂಬಕ್ಕೋ ಕಾಂಪೌಂಡಿಗೋ ಕೈ ಊರಿ ಸ್ವಲ್ಪ ಮುಂದಕ್ಕೆ ಬಾಗಿ. ಏನೂ ಸಿಗದಿದ್ದರೆ ನಿಮ್ಮ ತೊಡೆಗಳ ಮೇಲೆಯೇ ಅಂಗೈ ಊರಿ. ಕೈಗೆ ಆಸರೆ ಸಿಕ್ಕ ಕೂಡಲೇ ಭುಜದ, ಎದೆಯ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಆಮೇಲೆ ಹಂತ 3ರ ಉಸಿರು. ಮೊದಲ ಎರಡು ಮೂರು ಉಸಿರಲ್ಲಿ ನಾಲ್ಕು ಎಣಿಸಲು ಆಗುವುದಿಲ್ಲ, ಆಗದಿದ್ದರೆ ಪರವಾಗಿಲ್ಲ. ತೆಗೆದುಕೊಂಡದ್ದಕ್ಕಿಂತ ಸ್ವಲ್ಪ ನಿಧಾನವಾಗಿ ಬಿಟ್ಟರೆ ಸಾಕು.

ಅಂಗಾತ ಮಲಗಬೇಡಿ. ಪಕ್ಕದವರು ಗಾಬರಿಯಿಂದ ಮಲಗಿಸಲು ಬರುತ್ತಾರೆ. ಮಲಗಿದರೆ ದಮ್ಮು ಹೆಚ್ಚುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ಹಂತ 5: ದಮ್ಮಿಗೆ ಅಂಕ ಕೊಡಿ

ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಒಂದು ಅಳತೆ ಇದೆ. ಜಗತ್ತಿನ ಎಲ್ಲ ಕಡೆ ಎದೆರೋಗ ವಿಭಾಗಗಳಲ್ಲಿ ಬಳಸುತ್ತಾರೆ. 0 ಅಂದರೆ ದಮ್ಮೇ ಇಲ್ಲ. 3 ಅಂದರೆ ಮಧ್ಯಮ. 5 ಅಂದರೆ ಜೋರು. 10 ಅಂದರೆ ಇದಕ್ಕಿಂತ ಹೆಚ್ಚು ಇರಲಾರದು ಎನ್ನುವಷ್ಟು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ.

ನೀವು ಮಾಡುವ ವ್ಯಾಯಾಮ 3 ಮತ್ತು 4ರ ನಡುವೆ ಇರಬೇಕು. ಗುರುತು ಸುಲಭ: ನಡೆಯುತ್ತಾ ಪಕ್ಕದವರಿಗೆ "ಇವತ್ತು ಬಿಸಿಲು ಜೋರಾಗಿದೆ" ಎಂದು ಒಂದು ವಾಕ್ಯ ಹೇಳಲು ಆಗಬೇಕು, ಆದರೆ ಊರ ಸುದ್ದಿಯೆಲ್ಲ ಹೇಳಿಕೊಂಡು ಹೋಗಲು ಆಗಬಾರದು. ಎರಡೇ ಪದಕ್ಕೆ ಉಸಿರು ಮುಗಿದರೆ ವೇಗ ಹೆಚ್ಚಾಯಿತು. ಏನೂ ಅನಿಸದೆ ನಡೆದರೆ ಕಾಲಿಗೆ ತರಬೇತಿಯೇ ಆಗುತ್ತಿಲ್ಲ.

ಇಲ್ಲಿ ಒಂದು ವಿಷಯ ಮನಸ್ಸಿಗೆ ತಂದುಕೊಳ್ಳಿ. ವ್ಯಾಯಾಮದಲ್ಲಿ ಬರುವ 3–4ರ ದಮ್ಮು ಶ್ವಾಸಕೋಶವನ್ನು ಹಾಳು ಮಾಡುವುದಿಲ್ಲ. ಕೂತು ಸುಧಾರಿಸಿಕೊಂಡ ಐದಾರು ನಿಮಿಷದಲ್ಲಿ ಅದು ಇಳಿಯುತ್ತದೆ. ಇಳಿಯಿತು ಎಂದು ನೀವೇ ಗಡಿಯಾರ ಹಿಡಿದು ನೋಡಿದ ದಿನ ಅರ್ಧ ಹೆದರಿಕೆ ಹೋಗುತ್ತದೆ.

ಹಂತ 6: ಈಗ ಎಷ್ಟು ನಡೆಯಬಲ್ಲಿರಿ, ಅಳೆಯಿರಿ

ಆಸ್ಪತ್ರೆಯಲ್ಲಿ 30 ಮೀಟರ್ ಉದ್ದದ ಕಾರಿಡಾರಿನಲ್ಲಿ 6 ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಮಾಡಿಸಿದ್ದರೆ ಆ ಅಂಕಿಯನ್ನೇ ಬರೆದುಕೊಳ್ಳಿ. ಇಲ್ಲದಿದ್ದರೆ ಮನೆಯ ಹಜಾರದಲ್ಲೋ ಅಂಗಳದಲ್ಲೋ ಟೇಪು ಹಿಡಿದು 10 ಮೀಟರ್ ಅಳೆದು ಎರಡು ತುದಿಗೂ ಗುರುತು ಹಾಕಿ. ಒಂದು ತುದಿಯಲ್ಲಿ ಕುರ್ಚಿ ಇಡಿ. ಮನೆಯವರೊಬ್ಬರು ಜೊತೆಗಿರಲಿ.

6 ನಿಮಿಷ, ನಿಮ್ಮಿಂದ ಆಗುವ ವೇಗದಲ್ಲಿ ಅತ್ತಿತ್ತ ನಡೆಯಿರಿ. ಓಡಬೇಡಿ. ಮಧ್ಯೆ ನಿಲ್ಲಬಹುದು, ಕೂರಬಹುದು, ಆದರೆ ಗಡಿಯಾರ ನಿಲ್ಲಿಸಬೇಡಿ. ನೀವು ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಿದಾಗಲೆಲ್ಲ ಜೊತೆಯವರು ಒಂದು ಗೀಟು ಹಾಕಲಿ.

24 ಗೀಟು ಬಿದ್ದವು ಅಂದುಕೊಳ್ಳಿ. 24 ಸಲ 10, ಅಂದರೆ 240 ಮೀಟರ್. ನಿಮಿಷಕ್ಕೆ 40 ಮೀಟರ್. ತರಬೇತಿಗೆ ಇದರ ನೂರಕ್ಕೆ 80 ಭಾಗ ಸಾಕು, ಅಂದರೆ ನಿಮಿಷಕ್ಕೆ 32 ಮೀಟರ್, ಸುಮಾರು ಮೂರು ಗೀಟು. ನಿಮ್ಮ ನಡಿಗೆಯ ವೇಗ ಇಷ್ಟೇ. 24ರ ಬದಲು 9 ಗೀಟು ಬಿದ್ದರೂ ನಾಚಿಕೆ ಬೇಡ. ಲೆಕ್ಕ ಅದೇ, ಅಂಕಿ ಮಾತ್ರ ಬೇರೆ. ಎರಡು ತಿಂಗಳ ಮೇಲೆ ಇದೇ ಜಾಗದಲ್ಲಿ ಮತ್ತೆ ಅಳೆಯಿರಿ. 30 ಮೀಟರ್ ಹೆಚ್ಚಾದರೆ ಅದನ್ನು ವೈದ್ಯರು ಗಣನೀಯ ಸುಧಾರಣೆ ಎಂದೇ ಪರಿಗಣಿಸುತ್ತಾರೆ. ಮೂರೇ ಗೀಟು!

ಯಾವಾಗ ನಿಲ್ಲಿಸಲೇಬೇಕು, ಈಗಲೇ ಬರೆದುಕೊಳ್ಳಿ:
– ಎದೆನೋವು, ಎದೆ ಹಿಂಡಿದಂತೆ ಅಥವಾ ಡವಡವ ಹೊಡೆದುಕೊಂಡಂತೆ ಆದರೆ
– ತಲೆಸುತ್ತು, ತಣ್ಣನೆ ಬೆವರು ಬಂದರೆ
– ಆಕ್ಸಿಮೀಟರ್ 88ಕ್ಕಿಂತ ಕೆಳಗೆ ಇಳಿದರೆ, ಅಥವಾ ಡಾಕ್ಟರು ನಿಮಗೆಂದೇ ಹೇಳಿದ ಅಂಕಿಗಿಂತ ಇಳಿದರೆ
– ದಮ್ಮು 5 ದಾಟಿದರೆ

ಕೂತು, ಇನ್ಹೇಲರ್ ತೆಗೆದುಕೊಂಡ ಮೇಲೂ ದಮ್ಮು ಇಳಿಯದಿದ್ದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ, ಮಂಕು ಕವಿದರೆ, ಎದೆನೋವು ಹೋಗದಿದ್ದರೆ 108ಕ್ಕೆ ಫೋನ್ ಮಾಡಿ. ಸಂಜೆವರೆಗೆ ನೋಡೋಣ ಎನ್ನಬೇಡಿ.

ಹಂತ 7: ಮೊದಲ ವಾರ ನಡೆಯಿರಿ

ಊಟವಾಗಿ ಒಂದೂವರೆ ಗಂಟೆ ಕಳೆದಿರಲಿ. ತುಂಬಿದ ಹೊಟ್ಟೆ ಎದೆಯ ಕೆಳಗಿನ ವಪೆಯನ್ನು ಮೇಲಕ್ಕೆ ಒತ್ತಿ ಉಸಿರಿಗೆ ಜಾಗ ಕಡಿಮೆ ಮಾಡುತ್ತದೆ. ಹಾಗೆಂದು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲೂ ಹೊರಡಬಾರದು. ಎರಡು ಬಿಸ್ಕತ್ತೋ ಅರ್ಧ ಬಾಳೆಹಣ್ಣೋ ತಿನ್ನಿ.

ಮೊದಲು ಎರಡು ಮೂರು ನಿಮಿಷ ನಿಂತಲ್ಲೇ ಮೆಲ್ಲಗೆ ಕಾಲೆತ್ತಿ ಇಡಿ, ಭುಜ ತಿರುಗಿಸಿ. ಆಮೇಲೆ 2 ನಿಮಿಷ ನಡೆಯಿರಿ, 1 ನಿಮಿಷ ನಿಲ್ಲಿ ಅಥವಾ ಕೂರಿ. ಹೀಗೆ ಐದು ಸಲ. ಒಟ್ಟು 10 ನಿಮಿಷದ ನಡಿಗೆ ಆಯಿತು. 2 ನಿಮಿಷ ಆಗದಿದ್ದರೆ 1 ನಿಮಿಷ ನಡೆದು 1 ನಿಮಿಷ ಕೂರಿ. ಮುಗಿಸುವಾಗ ಕೊನೆಯ ಎರಡು ನಿಮಿಷ ವೇಗ ಇಳಿಸಿ, ಥಟ್ಟನೆ ನಿಲ್ಲಿಸಬೇಡಿ. ವಾರಕ್ಕೆ ಐದು ದಿನ ಮಾಡಿ.

ಹೊಸಬರು ಎಡವುವುದು ಇಲ್ಲೇ. ದಮ್ಮು ಬಂದ ಮೇಲೆ ನಿಲ್ಲುವುದಲ್ಲ, ಗಡಿಯಾರ ಹೇಳಿದಾಗ ನಿಲ್ಲುವುದು. "ಇನ್ನೂ ಆಗುತ್ತೆ" ಅನಿಸಿದರೂ ನಿಲ್ಲಿ. ಹುಮ್ಮಸ್ಸಿನಲ್ಲಿ ಮೊದಲ ದಿನವೇ ಪಾರ್ಕಿನ ಮೂರು ಸುತ್ತು ಹೊಡೆದು, ಮಾರನೇ ದಿನ ಏಳಲಾಗದೆ ಮಲಗಿ, "ಇದೆಲ್ಲ ನನಗಾಗಲ್ಲ" ಎಂದು ಬಿಟ್ಟವರು ಬಹಳ.

ಮನೆಯಲ್ಲಿ ಆಕ್ಸಿಜನ್ ಹಾಕಿಕೊಳ್ಳುವವರು ಅದನ್ನು ತೆಗೆದಿಟ್ಟು ನಡೆಯಬೇಡಿ. ದೇಹಕ್ಕೆ ಅದು ಹೆಚ್ಚು ಬೇಕಾಗುವುದೇ ನಡೆಯುವಾಗ. ಕಾನ್ಸಂಟ್ರೇಟರಿನ ಟ್ಯೂಬಿನ ಉದ್ದದೊಳಗೇ ಓಡಾಡಿ, ಟ್ಯೂಬು ಕಾಲಿಗೆ ಸುತ್ತಿಕೊಳ್ಳದಂತೆ ಒಂದು ಕೈಯಲ್ಲಿ ಹಿಡಿಯಿರಿ. ಎಷ್ಟು ಲೀಟರ್ ಎಂಬುದನ್ನು ನೀವಾಗಿ ತಿರುಗಿಸಿ ಬದಲಿಸಬೇಡಿ. ಸಿಒಪಿಡಿಯಲ್ಲಿ ಹೆಚ್ಚು ಆಕ್ಸಿಜನ್ ಕೂಡ ಅಪಾಯ. ಆಕ್ಸಿಜನ್ ಹಾಕಿಕೊಂಡಾಗ ಒಲೆ, ದೀಪ, ಊದುಬತ್ತಿಯ ಹತ್ತಿರ ಸುಳಿಯಲೇಬೇಡಿ.

ಹಂತ 8: ಕುರ್ಚಿಯಿಂದ ಎದ್ದು ಕೂರಿ

ನಡಿಗೆಗಿಂತ ಇದು ಮುಖ್ಯವೋ ಏನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ತೊಡೆಗೆ ಬಲ ಬಂದರೆ ಶೌಚಾಲಯದಿಂದ ಏಳುವುದು, ಬಸ್ಸು ಹತ್ತುವುದು, ನೆಲದ ಮೇಲಿನ ಪಂಕ್ತಿಯಿಂದ ಎದ್ದು ಬರುವುದು ಎಲ್ಲ ಸುಲಭವಾಗುತ್ತದೆ.

ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಅಂಚಿಗೆ ಸರಿದು ಕೂರಿ. ಪಾದ ಸ್ವಲ್ಪ ಅಗಲ, ಮೊಣಕಾಲಿನ ಕೆಳಗೇ ಇರಲಿ. ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಈಗ ಕಿರಿದು ಮಾಡಿದ ತುಟಿಯಿಂದ ಉಸಿರು ಬಿಡುತ್ತಾ ಎದ್ದು ನಿಲ್ಲಿ. ನಿಂತು ಒಂದು ಉಸಿರು. ಮೆಲ್ಲಗೆ ಕೂರಿ, ದೊಪ್ಪನೆ ಬೀಳಬೇಡಿ. ಕೂರುವಾಗಲೂ ಸ್ನಾಯು ಕೆಲಸ ಮಾಡಬೇಕು. 5 ಸಲ ಮಾಡಿ, ಎರಡು ನಿಮಿಷ ವಿಶ್ರಾಂತಿ, ಮತ್ತೆ 5. ದಿನ ಬಿಟ್ಟು ದಿನ ಸಾಕು.

ಕೈ ಊರದೆ ಏಳಲು ಆಗದಿದ್ದರೆ ಪಕ್ಕದ ಮೇಜು ಹಿಡಿಯಿರಿ, ಇಲ್ಲವೇ ಕುರ್ಚಿಯ ಮೇಲೆ ಮಡಚಿದ ಜಮಖಾನ ಹಾಕಿ ಎತ್ತರ ಮಾಡಿಕೊಳ್ಳಿ. ತೊಡೆ ನೋಯುತ್ತಿದೆ ಎಂದು ಮೂರನೇ ದಿನ ಬಿಡಬೇಡಿ, ಅದು ಕೆಲಸ ಮಾಡಿದ ಸ್ನಾಯುವಿನ ನೋವು. ಕೀಲು ಚುಚ್ಚಿದಂತಾದರೆ ಮಾತ್ರ ನಿಲ್ಲಿಸಿ.

ಎಚ್ಚರ: ಏಳುವಾಗ ಉಸಿರು ಬಿಗಿಹಿಡಿಯುವುದು ಎಲ್ಲರ ಅಭ್ಯಾಸ. ಬೇಕಿದ್ದರೆ "ಒಂದು, ಎರಡು" ಎಂದು ಬಾಯಿಬಿಟ್ಟು ಹೇಳುತ್ತಾ ಏಳಿ. ಮಾತಾಡುವಾಗ ಉಸಿರು ಕಟ್ಟಿ ಹಿಡಿಯಲು ಆಗುವುದಿಲ್ಲ.

ಹಂತ 9: ಕೈಗೂ ಕೆಲಸ ಕೊಡಿ

ತಲೆ ಬಾಚುವಾಗ, ತಂತಿಯ ಮೇಲೆ ಬಟ್ಟೆ ಹರವುವಾಗ ಇದ್ದಕ್ಕಿದ್ದಂತೆ ದಮ್ಮು ಬರುತ್ತದಲ್ಲ, ಅದಕ್ಕೆ ಕಾರಣ ಇದೆ. ಉಸಿರಾಟಕ್ಕೆ ನೆರವಾಗುವ ಭುಜ ಕುತ್ತಿಗೆಯ ಸ್ನಾಯುಗಳೇ ಕೈ ಎತ್ತಿ ಹಿಡಿಯುವ ಕೆಲಸಕ್ಕೂ ಹೋಗಬೇಕು.

ನೀರಿನ ಬಾಟಲಿ ಎರಡೂ ಕೈಯಲ್ಲಿ ಹಿಡಿಯಿರಿ. ಒಂದೊಂದು ಅರ್ಧ ಕಿಲೋ. ಕೂತೇ ಮಾಡಿ. ಉಸಿರು ಬಿಡುತ್ತಾ ಬಾಟಲಿಯನ್ನು ಭುಜದ ಎತ್ತರಕ್ಕೆ ಎತ್ತಿ, ಉಸಿರು ತೆಗೆದುಕೊಳ್ಳುತ್ತಾ ಇಳಿಸಿ. ಎಂಟು ಸಲ. ಭಾರ ಅನಿಸಿದರೆ ಅರ್ಧ ನೀರು ಚೆಲ್ಲಿ.

ಹಂತ 10: ವಾರಕ್ಕೊಂದೇ ಸಲ ಹೆಚ್ಚಿಸಿ

ಎರಡನೇ ವಾರದಿಂದ ಒಂದು ಕ್ರಮ. ಮೊದಲು ವಿಶ್ರಾಂತಿ ಕಡಿಮೆ ಮಾಡಿ, ನಂತರ ಸಮಯ ಹೆಚ್ಚಿಸಿ, ವೇಗ ಕೊನೆಗೆ. ಮೂರನ್ನೂ ಒಟ್ಟಿಗೆ ಮುಟ್ಟಬೇಡಿ. 2 ನಿಮಿಷ ನಡೆದು ನಿಲ್ಲುತ್ತಿದ್ದವರು 3 ನಿಮಿಷ ನಡೆದು ನಿಲ್ಲಿ. ವಾರಕ್ಕೆ ಒಟ್ಟು ಸಮಯ ಒಂದೆರಡು ನಿಮಿಷ ಏರಿದರೆ ಸಾಕು. ಎರಡು ಮೂರು ತಿಂಗಳಲ್ಲಿ 20ರಿಂದ 30 ನಿಮಿಷ ತಲುಪುವುದು ಗುರಿ. ತಲುಪದಿದ್ದರೂ 15 ನಿಮಿಷಕ್ಕೆ ಬೆಲೆ ಇಲ್ಲದೆ ಇಲ್ಲ.

ಪ್ರತಿದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ತಾರೀಕು, ಎಷ್ಟು ನಿಮಿಷ, ದಮ್ಮಿನ ಅಂಕ, ಆಕ್ಸಿಜನ್. ದಿನದಿಂದ ದಿನಕ್ಕೆ ಏನೂ ಬದಲಾದಂತೆ ಕಾಣುವುದಿಲ್ಲ. ಪುಟ ಹಿಂದೆ ತಿರುವಿದಾಗ ಗೊತ್ತಾಗುತ್ತದೆ. ಡಾಕ್ಟರಿಗೂ ಈ ಪುಸ್ತಕ ತೋರಿಸಿ.

"ಪ್ರಾಣಾಯಾಮ ಮಾಡಿದರೆ ಸಾಲದೇ?" ಎಂದು ಬಹಳ ಜನ ಕೇಳುತ್ತಾರೆ. ನಿಧಾನ ಉಸಿರಾಟದ ಅಭ್ಯಾಸ ಮನಸ್ಸಿಗೆ ಒಳ್ಳೆಯದು, ಮಾಡಿ. ಆದರೆ ಅದರಿಂದ ತೊಡೆಗೆ ಬಲ ಬರುವುದಿಲ್ಲ, ಹಾಗಾಗಿ ನಡಿಗೆಯ ಜಾಗವನ್ನು ಅದು ತುಂಬಲಾರದು. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಉಸಿರಾಟ, ಉಸಿರು ಕಟ್ಟಿ ಹಿಡಿಯುವ ಕುಂಭಕ ಇವನ್ನು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಹಂತ 11: ಗಾಳಿ ನೋಡಿ ಹೊರಗೆ ಕಾಲಿಡಿ

ನಸುಕಿನ ವಾಕಿಂಗ್ ಆರೋಗ್ಯಕ್ಕೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಡಿಸೆಂಬರ್, ಜನವರಿಯಲ್ಲಿ ಅದು ನಿಮಗೆ ಹೊಂದುವುದಿಲ್ಲ. ಚಳಿ ಗಾಳಿ ಶ್ವಾಸನಾಳವನ್ನು ಬಿಗಿಯುತ್ತದೆ, ರಾತ್ರಿಯ ಹೊಗೆ ದೂಳು ನೆಲಮಟ್ಟದಲ್ಲೇ ನಿಂತಿರುತ್ತದೆ. ಬಿಸಿಲು ಸ್ವಲ್ಪ ಏರಲಿ, ಎಂಟು ಒಂಬತ್ತು ಗಂಟೆಗೆ ಹೊರಡಿ. ಏಪ್ರಿಲ್, ಮೇ ತಿಂಗಳಲ್ಲಿ ಬೇಗ ಮುಗಿಸಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಅನೇಕ ಊರುಗಳ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ ಸಿಗುತ್ತದೆ. ಮೊಮ್ಮಕ್ಕಳ ಹತ್ತಿರ ಫೋನಿಗೆ ಹಾಕಿಸಿಕೊಳ್ಳಿ. ಅದರಲ್ಲಿ 101ರಿಂದ 200ಕ್ಕೆ 'ಮಧ್ಯಮ' ಎಂದಿದ್ದರೂ, ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಆ ಮಟ್ಟದಲ್ಲೇ ಉಸಿರಾಟದ ತೊಂದರೆ ಆಗಬಹುದು ಎಂದು ಮಂಡಳಿಯೇ ಹೇಳುತ್ತದೆ. ಆದ್ದರಿಂದ 100 ದಾಟಿದ ದಿನ ಹಜಾರದಲ್ಲೇ ನಡೆಯಿರಿ. ಆ್ಯಪ್‌ಗೆ ಸಿಗದ ಊರಿನವರು ಮೂಗನ್ನೇ ನಂಬಿ: ಕಸ ಸುಡುವ ವಾಸನೆ, ಅಡಿಕೆ ಬೇಯಿಸುವ ಒಲೆಯ ಹೊಗೆ, ರಾಗಿ ಒಕ್ಕಣೆಯ ದೂಳು, ದೀಪಾವಳಿಯ ಪಟಾಕಿ ಇದ್ದರೆ ಅವತ್ತು ಮನೆಯೊಳಗೆ. ಮನೆಯೊಳಗೇ ಯಾರಾದರೂ ಬೀಡಿ ಸೇದುತ್ತಿದ್ದರೆ, ಸೌದೆ ಒಲೆ ಉರಿಯುತ್ತಿದ್ದರೆ ಮೊದಲು ಸರಿಪಡಿಸಬೇಕಾದದ್ದು ಅದು. ನೀವೇ ಸೇದುತ್ತಿದ್ದರೆ, ದಯವಿಟ್ಟು ಬಿಡಿ. ಕಾಯಿಲೆ ಬೆಳೆಯುವ ವೇಗವನ್ನು ತಗ್ಗಿಸಲು ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ಹಂತ 12: ಮೆಟ್ಟಿಲು ಹತ್ತಿ

ಇದಕ್ಕೆ ಒಂದು ತಿಂಗಳಾದರೂ ಕಳೆಯಲಿ. ಕಟಕಟೆ ಹಿಡಿದು ನಿಲ್ಲಿ. ನಿಂತಲ್ಲೇ ಉಸಿರು ತೆಗೆದುಕೊಳ್ಳಿ. ಬಿಡುತ್ತಾ ಒಂದೋ ಎರಡೋ ಮೆಟ್ಟಿಲು ಹತ್ತಿ. ನಿಲ್ಲಿ. ಮತ್ತೆ ತೆಗೆದುಕೊಳ್ಳಿ. ಬೇಗ ಹತ್ತಿ ಮೇಲೆ ಹೋಗಿ ಸುಧಾರಿಸಿಕೊಳ್ಳೋಣ ಎಂಬ ಲೆಕ್ಕ ಬೇಡ. ಹಿಂದೆ ಬರುವವರಿಗೆ ದಾರಿ ಬಿಟ್ಟು ನಿಂತುಕೊಳ್ಳಿ, ಅವರು ಹೋಗಲಿ.

ಹಂತ 13: ಮನೆಕೆಲಸವನ್ನು ಬಿಡಬೇಡಿ, ಮಾಡುವ ರೀತಿ ಬದಲಿಸಿ

ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ಕೂತೇ ಸ್ನಾನ ಮಾಡಿ, ಬಾಗಿಲಿನ ಮೇಲಿನ ಕಿಟಕಿ ತೆರೆದಿರಲಿ, ಹಬೆ ತುಂಬಬಾರದು. ಮೈ ಒರೆಸಿಕೊಳ್ಳುವುದೇ ಆಯಾಸವಾದರೆ ದೊಡ್ಡ ಟವೆಲ್ ಹೊದ್ದು ಕೂತುಬಿಡಿ, ಅದೇ ನೀರು ಹೀರಿಕೊಳ್ಳುತ್ತದೆ. ತರಕಾರಿಯನ್ನು ಮೇಜಿನ ಮೇಲಿಟ್ಟು ಹೆಚ್ಚಿ. ದಿನಾ ಬೇಕಾಗುವ ಡಬ್ಬಿಗಳು ಸೊಂಟದಿಂದ ಭುಜದ ಎತ್ತರದೊಳಗೆ ಇರಲಿ. ಬಗ್ಗಿ ಗುಡಿಸುವ ಪೊರಕೆಗೆ ಉದ್ದ ಹಿಡಿ ಕಟ್ಟಿ. ಕುಕ್ಕರುಗಾಲಿನಲ್ಲಿ ಕೂರುವ ಶೌಚಾಲಯವಾದರೆ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ.

ಮನೆಯವರಿಗೆ ಒಂದು ಮಾತು. ಅಮ್ಮ ಹೂ ಕಟ್ಟಲಿ, ಅಪ್ಪ ಹಾಲಿನ ಅಂಗಡಿಗೆ ಹೋಗಿ ಬರಲಿ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೂ ಕೈಯಿಂದ ಕಿತ್ತುಕೊಳ್ಳಬೇಡಿ. ನೆರವು ಬೇಕೆಂದರೆ ಪಕ್ಕದಲ್ಲಿ ನಡೆಯಿರಿ, ಅವರ ವೇಗದಲ್ಲಿ.

ಹಂತ 14: ಕಾಯಿಲೆ ಕೆರಳಿದಾಗ ನಿಲ್ಲಿಸಿ, ಇಳಿದ ಮೇಲೆ ಮತ್ತೆ ಶುರುಮಾಡಿ

ಎಷ್ಟು ಜೋಪಾನವಾಗಿದ್ದರೂ ವರ್ಷಕ್ಕೆ ಒಂದೆರಡು ಸಲ ಕೆರಳಬಹುದು. ಕಫ ಹೆಚ್ಚಾಗಿ ಹಳದಿ ಅಥವಾ ಹಸಿರಿಗೆ ತಿರುಗುವುದು, ಜ್ವರ, ಕೂತಲ್ಲೇ ದಮ್ಮು, ಕಾಲು ಊದುವುದು ಇವು ಗುರುತುಗಳು. ಅವತ್ತು ವ್ಯಾಯಾಮ ಬೇಡ, ಡಾಕ್ಟರ ಹತ್ತಿರ ಹೋಗಿ. ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಅಲ್ಲೇ ವಿಚಾರಿಸಿ, ಹಾಕಿಸಿಕೊಂಡವರಿಗೆ ಇಂಥ ಕಾಟ ಕಡಿಮೆ.

ಆದರೆ ಗುಣವಾದ ಮೇಲೆ ತಿಂಗಳುಗಟ್ಟಲೆ ಮಲಗಬೇಡಿ. ಆಸ್ಪತ್ರೆಯಿಂದ ಬಂದ ಮೊದಲ ಮೂರು ನಾಲ್ಕು ವಾರದೊಳಗೆ ರಿಹ್ಯಾಬ್ ಶುರುಮಾಡಿದವರು ಮತ್ತೆ ಆಸ್ಪತ್ರೆ ಸೇರುವುದು ಕಡಿಮೆ ಎಂದು ಕಂಡುಬಂದಿದೆ. ಡಾಕ್ಟರು "ಸರಿ" ಎಂದ ದಿನವೇ ನೋಟ್‌ಬುಕ್ ತೆಗೆದು, ಕೆರಳುವ ಮುಂಚಿನ ಕೊನೆಯ ಸಾಲು ನೋಡಿ. 20 ನಿಮಿಷ ಎಂದಿದ್ದರೆ 10ರಿಂದ ಶುರುಮಾಡಿ. 10 ಎಂದಿದ್ದರೆ 5. ಅದೂ ಆಗದಿದ್ದರೆ ಹಂತ 3 ಮತ್ತು 8 ಮಾತ್ರ ಮಾಡಿ, ಮಂಚದ ಅಂಚಿನಿಂದಲೇ ಎರಡು ಸಲ ಎದ್ದು ಕೂರಿ. ಆ ಎರಡನ್ನೂ ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ, ನಾಳೆ ಮೂರು ಸಲ ಮಾಡಿ.